ಚಕ್ರದಿಂದ ಒಂದು ಗೇಣು ಮುಂದೆ

"ಅಜ್ಜಾರ, ಹಿಂದಿಂದನ್ನ ಎಷ್ಟು ದೂರ ಇಟ್ರ ಅದು ಮನುಷ್ಯಾನ್ನ ಅಲುಗಾಡ್ಸೋದು ಬಿಡತೈತ್ರಿ?"

ಕೇಳಿದವನು ಚರಂತಯ್ಯ, ಮಠಕ್ಕೆ ಬಂದು ಮೂರು ವರ್ಷವಾಗಿದ್ದ ಶಿಷ್ಯ. ಕೇಳಿದ್ದು ಮಠದ ಗುರುಗಳನ್ನು. ಸುತ್ತಲಿನ ಊರಿನವರೆಲ್ಲ ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು.

ಹಿಂದಿನದು ಎಂದರೆ ಯಾವುದು ಎಂದು ಶಿಷ್ಯ ಬಿಡಿಸಿ ಹೇಳಲಿಲ್ಲ. ಅಜ್ಜಾರಿಗೆ ಅದು ಗೊತ್ತಿತ್ತು. ತಂದೆ ತೀರಿಕೊಂಡ ಮೇಲೆ ಚರಂತಯ್ಯನನ್ನು ಸಾಕಿ ಬೆಳೆಸಿದವನು ಅವನ ಅಣ್ಣ. ಆ ಅಣ್ಣನಿಗೆ ನಾಲ್ಕು ಜನರ ಎದುರು ಆಡಬಾರದ ಮಾತನ್ನಾಡಿ, ನಿಂತ ಕಾಲಲ್ಲೇ ಮನೆ ಬಿಟ್ಟು ಬಂದಿದ್ದ. ಅಣ್ಣನ ಮೇಲೆ ಅವನಿಗೆ ಸಿಟ್ಟೇನೂ ಉಳಿದಿರಲಿಲ್ಲ. ಉಳಿದದ್ದು ಭಕ್ತಿ ಮತ್ತು ನಾಚಿಕೆ. ಅಂಥ ಅಣ್ಣನ ಎದುರು ಯಾವ ಮುಖ ಇಟ್ಟುಕೊಂಡು ನಿಲ್ಲಲಿ ಎಂದು ದೂರವೇ ಉಳಿದಿದ್ದ. ಈಚೆಗೆ ಪ್ರವಚನಕ್ಕೆ ಕೂತರೆ ಮಾತು ನಡುವೆಯೇ ತಪ್ಪುತ್ತಿತ್ತು. ಬರುವ ತಿಂಗಳು ಅಜ್ಜಾರು ಅವನ ಕೈಗೆ ಒಂದು ಚಿಕ್ಕ ಮಠವನ್ನು ಒಪ್ಪಿಸುವವರಿದ್ದರು. ಹೀಗೆ ತಡವರಿಸುವವನು ಊರ ಜನಕ್ಕೆ ಏನು ಹೇಳಿಯಾನು ಎಂಬ ಭಯ ಅವನನ್ನು ತಿನ್ನುತ್ತಿತ್ತು.

ಅಜ್ಜಾರು ಪ್ರಶ್ನೆಗೆ ಉತ್ತರ ಹೇಳಲಿಲ್ಲ. ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಸಂತೆಯಿಂದ ಸಂತೆಗೆ ಉಳ್ಳಾಗಡ್ಡಿ, ಮೆಣಸಿನಕಾಯಿ ಹೇರಿಕೊಂಡು ಹೋಗುವುದು ಅವನ ಕಸುಬು. ಅವನ ಬಳಿ ಒಂದು ಗಾಡಿ ಇತ್ತು. ಜೀಪಿಗಿಂತ ಚಿಕ್ಕದು, ಕಾರಿಗಿಂತ ಎತ್ತರದ್ದು, ವಯಸ್ಸು ಹದಿನಾಲ್ಕು. ಅದರ ಹಿಂಬದಿಗೆ ಕೊಂಡಿ ಹಾಕಿಸಿ, ಎರಡು ಚಕ್ರದ ಸಣ್ಣ ಟ್ರೇಲರ್ ಕಟ್ಟಿಕೊಂಡಿದ್ದ. ಟ್ರೇಲರಿಗೆ ತನ್ನದೇ ಆದ ಬ್ರೇಕಿಲ್ಲ. ಮುಂದಿನ ಗಾಡಿ ನಿಂತರೆ ಅದು ನಿಲ್ಲಬೇಕು, ಮುಂದಿನ ಗಾಡಿ ಓಡಿದರೆ ಅದು ಓಡಬೇಕು. ಹನ್ನೊಂದು ವರ್ಷ ಅದು ಹಾಗೆಯೇ ನಡೆದುಕೊಂಡಿತ್ತು. ಹಾಗಾಗಿ ಟ್ರೇಲರ್ ಎಂದರೆ ಹೇಳಿದ ಮಾತು ಕೇಳುವ ವಸ್ತು ಎಂದು ವ್ಯಾಪಾರಿ ನಂಬಿದ್ದ.

ಹನ್ನೊಂದು ವರ್ಷ ಅವನು ಹೇರಿದ್ದು ಚೀಲ. ಚೀಲಗಳು ಹಿಂದೆ ಮುಂದೆ ಎಲ್ಲ ಕಡೆ ತುಂಬಿಕೊಳ್ಳುತ್ತವೆ. ಟ್ರೇಲರಿನಲ್ಲಿ ಭಾರ ಎಲ್ಲಿ ಕೂತಿದೆ ಎಂದು ಯೋಚಿಸುವ ಪ್ರಸಂಗವೇ ಅವನಿಗೆ ಬಂದಿರಲಿಲ್ಲ. ತೂಕ ಮಾಡುವುದೇ ಅವನ ಕಸುಬಾಗಿದ್ದರೂ ಬಂದಿರಲಿಲ್ಲ.

ಆ ವರ್ಷ ಅವನ ಊರಿನವರು ಗುಡಿಗೆಂದು ಹೊಸದಾಗಿ ಕಲ್ಲಿನ ನಂದಿಯೊಂದನ್ನು ಕೆತ್ತಿಸಿದರು. ಊರವರ ಬಾಯಲ್ಲಿ ಅದು ಬಸವಣ್ಣ. ಕೆತ್ತಿದ ಶಿಲ್ಪಿ ಇದ್ದದ್ದು ಗುಡ್ಡದ ಆಚೆ. ಘಾಟಿಯ ರಸ್ತೆ ಹತ್ತಿಳಿದು ಬಸವಣ್ಣನನ್ನು ತರುವ ಕೆಲಸ ವ್ಯಾಪಾರಿಯ ಪಾಲಿಗೆ ಬಂತು. ಅವನಿಗೆ ಹಿಗ್ಗಾಯಿತು. ಹಿಂದಿನ ದಿನವೇ ಉಪವಾಸ ಹಿಡಿದ. ಟ್ರೇಲರನ್ನು ಅರಿಶಿನದ ನೀರಿನಿಂದ ತೊಳೆದ. ಶಿಲ್ಪಿಯ ಊರಿನ ಪಕ್ಕದಲ್ಲೇ ಅವನ ಮಗಳ ಗಂಡನ ಮನೆ. ಮಗಳಿಗೆ ಎಂಟು ತಿಂಗಳು, ಚೊಚ್ಚಲು. ಅವಳನ್ನು ಹೆರಿಗೆಗೆ ಕರೆತರುವುದೂ ಬಾಕಿ ಇತ್ತು. ಒಂದೇ ದಾರಿಯಲ್ಲಿ ಎರಡು ಶುಭಕಾರ್ಯ ಎಂದುಕೊಂಡು ಬೆಳಗ್ಗೆ ಹೊರಟ. ಮಗಳಿಗೆ ಉಡಿ ತುಂಬಿಸಿಕೊಂಡು ಹಿಂದಿನ ಸೀಟಿನಲ್ಲಿ ಕೂರಿಸಿದ. ಅಲ್ಲಿಂದ ಶಿಲ್ಪಿಯ ಅಂಗಳಕ್ಕೆ ಬಂದ.

ಬಸವಣ್ಣನ ತೂಕ ನಾಲ್ಕು ಕ್ವಿಂಟಲ್. ಆ ಗಾಡಿ ಎಳೆಯಲಾರದ ಭಾರವೇನೂ ಅಲ್ಲ. ಶಿಲ್ಪಿ ಸರಪಳಿ ರಾಟೆಯಿಂದ ಕಲ್ಲನ್ನು ಎತ್ತಿ ಟ್ರೇಲರಿನ ಮುಂಭಾಗಕ್ಕೆ ಇಳಿಸತೊಡಗಿದ. ವ್ಯಾಪಾರಿ ಕೈ ಅಡ್ಡ ಹಿಡಿದ. ಅಲ್ಲಿಟ್ಟರೆ ಸೈಲೆನ್ಸರಿನ ಹೊಗೆ ನೇರವಾಗಿ ದೇವರ ಮುಖಕ್ಕೆ ಬಡಿಯುತ್ತದೆ. ಅದೂ ಅಲ್ಲದೆ, ಗಾಡಿ ನಡೆಸುವವನು ದೇವರಿಗೆ ಬೆನ್ನು ಮಾಡಿಯೇ ಕೂರಬೇಕು. ಆ ಬೆನ್ನು ಎಷ್ಟು ದೂರವಿದ್ದರೆ ಅಷ್ಟು ಒಳ್ಳೆಯದಲ್ಲವೇ? ಅವನು ಬಸವಣ್ಣನನ್ನು ಟ್ರೇಲರಿನ ತೀರ ತುದಿಗೆ ಇರಿಸಿದ. ಮುಂದಿನ ಜಾಗದಲ್ಲಿ ಒಂದು ಹೂವಿನ ಹಾರ ಮತ್ತು ಎರಡು ತೆಂಗಿನಕಾಯಿ ಮಾತ್ರ ಇಟ್ಟ. ಹಗ್ಗವನ್ನು ತಾನೇ ಬಿಗಿದ.

ಇಲ್ಲಿ ಚರಂತಯ್ಯ ತಲೆಯಾಡಿಸಿದ. ವ್ಯಾಪಾರಿ ಮಾಡಿದ್ದು ಅವನಿಗೆ ಸರಿಯೆನಿಸಿತು. ಅಜ್ಜಾರು ಅದನ್ನು ನೋಡಿಯೂ ನೋಡದವರಂತೆ ಮುಂದುವರಿಸಿದರು.

ಶಿಲ್ಪಿ ಕೊಂಡಿಯ ಹತ್ತಿರ ಬಗ್ಗಿ ನೋಡಿದ. ಟ್ರೇಲರಿನ ಮೂತಿ ಮೇಲಕ್ಕೆದ್ದು ಗಾಡಿಯ ಹಿಂಬದಿಯನ್ನೂ ಎತ್ತುತ್ತಿತ್ತು.

"ಸಾವ್ಕಾರ್ರ, ಇದು ಚಕ್ಕಡಿ ಆಗಿದ್ರ ಈಗ ನೊಗ ಮ್ಯಾಲೆದ್ದು ಎತ್ತಿನ ಕುತ್ತಿಗಿ ಬಿಗಿಯಾಕತ್ತಿತ್ತು. ಮುಂದಕ್ಕ ಸರಸೂಣು."

"ಇದಕ್ಕೇನು ಕುತ್ತಿಗಿ ಐತೇನು? ದೇವ್ರಿಗೆ ಹೊಗಿ ಕುಡಸೂದು ನನ್ನ ಕೈಲೆ ಆಗೂದಿಲ್ಲ."

ಶಿಲ್ಪಿ ಎದ್ದು ನಿಂತ. ಕಲ್ಲು ತನ್ನ ಕೈ ದಾಟಿದ ಮೇಲೆ ಅದರ ಮೇಲೆ ತನ್ನ ಮಾತು ನಡೆಯುವುದಿಲ್ಲ ಎಂಬುದು ಅವನಿಗೆ ರೂಢಿಯಾಗಿತ್ತು. ಗುಡಿಯಲ್ಲಿ ಬಸವಣ್ಣನನ್ನು ಕೂರಿಸಿಕೊಡಲು ಅವನೂ ಹೊರಟಿದ್ದ. ಹಾರೆಯನ್ನೂ ಕಲ್ಲನ್ನು ಸರಿಸಲು ಅಡಿಗೆ ಕೊಡುವ ಎರಡು ಉರುಳುಗಟ್ಟಿಗೆಗಳನ್ನೂ ಟ್ರೇಲರಿಗೆ ಹಾಕಿ, ಬಂದು ವ್ಯಾಪಾರಿಯ ಪಕ್ಕದ ಸೀಟಿನಲ್ಲಿ ಕೂತ.

ಆ ವ್ಯಾಪಾರಿ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಕಲ್ಲನ್ನು ಕಲ್ಲಿನ ಹಾಗೆ ಹೇರಿಕೊಂಡು ಸುಖವಾಗಿ ಊರು ಸೇರಿರುತ್ತಿದ್ದ.

ಊರ ಓಣಿಗಳಲ್ಲಿ ಗಾಡಿ ನಿಧಾನವಾಗಿ ಹೋಯಿತು. ಏನೂ ಆಗಲಿಲ್ಲ. ದೊಡ್ಡ ರಸ್ತೆಗೆ ಬಂದ ಮೇಲೆ ಒಂದು ಲಾರಿ ಪಕ್ಕದಲ್ಲಿ ಹಾದುಹೋಯಿತು. ಹಿಂದಿನಿಂದ ಯಾರೋ ಅಂಗಿ ಹಿಡಿದು ಆಚೆಗೊಮ್ಮೆ ಈಚೆಗೊಮ್ಮೆ ಜಗ್ಗಿದಂತಾಯಿತು. ಆಮೇಲೆ ನಿಂತಿತು. ಮಗಳು ಏನೆಂದು ಕೇಳಿದಳು. ಗಾಳಿ ಎಂದ. ಶಿಲ್ಪಿ ಕನ್ನಡಿ ನೋಡಿದ, ವ್ಯಾಪಾರಿಯ ಮುಖ ನೋಡಿದ.

ಇನ್ನೆರಡು ಸಲ ಹಾಗೆಯೇ ಆಯಿತು. ಪ್ರತಿ ಸಲವೂ ಗಾಡಿ ವೇಗವಾಗಿದ್ದಾಗಲೇ ಆಯಿತು. ವ್ಯಾಪಾರಿಗೆ ಅದು ಗಮನಕ್ಕೆ ಬರಲಿಲ್ಲವೆಂದಲ್ಲ. ಬಂತು. ಆದರೆ ಸೂರ್ಯ ಮುಳುಗುವ ಮೊದಲು ಬಸವಣ್ಣ ಊರ ಸೀಮೆ ದಾಟಬೇಕೆಂದು ಹಿರಿಯರು ಹೊತ್ತು ಇಟ್ಟುಕೊಟ್ಟಿದ್ದರು. ದೇವರ ಹೊತ್ತು ತಪ್ಪಬಾರದು ಎಂದು ಅವನು ಇನ್ನೂ ಸ್ವಲ್ಪ ವೇಗ ಹೆಚ್ಚಿಸಿದ.

ಘಾಟಿಯ ನೆತ್ತಿ ಬಂತು. ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬರಬೇಕು. ಹಾಗೆಂದು ಅಲ್ಲಿ ಹಲಗೆಯೂ ಇತ್ತು. ಹಲಗೆಗಳು ಇರುವುದು ಹೊಸಬರಿಗೆ. ವ್ಯಾಪಾರಿ ಹನ್ನೊಂದು ವರ್ಷದಿಂದ ಇದೇ ಇಳಿಜಾರನ್ನು ಮೇಲಿನ ಗೇರಿನಲ್ಲಿ, ಬ್ರೇಕಿನ ಮೇಲೆ ಕಾಲಿಟ್ಟು ಇಳಿದವನು. ಹಾಗೆಯೇ ಇಳಿದ.

ಮೊದಲ ತಿರುವಿನಲ್ಲಿ ಬ್ರೇಕು ಹಿಡಿಯಿತು. ಎರಡನೇ ತಿರುವಿನಲ್ಲಿ ಸುಟ್ಟ ವಾಸನೆ ಬಂತು. ಮೂರನೇ ತಿರುವಿನಲ್ಲಿ ಪೆಡಲು ಕಾಲಿನಡಿ ಮೆತ್ತಗಾಯಿತು. ನಂತರ ತಿರುವುಗಳು ಮುಗಿದು ನೇರ ಇಳಿಜಾರು. ಎಡಕ್ಕೆ ಮೊಣಕಾಲೆತ್ತರದ ಕಟ್ಟೆ, ಕಟ್ಟೆಯಾಚೆ ಕಣಿವೆ. ಗಾಡಿ ವೇಗ ಹಿಡಿಯಿತು. ಹಿಂದಿನದು ಅಲುಗಾಡತೊಡಗಿತು.

ಬಲಗಡೆಯ ಕನ್ನಡಿಯಲ್ಲಿ ಬಸವಣ್ಣನ ಮುಖ ಕಂಡಿತು. ವ್ಯಾಪಾರಿ ಸ್ಟೇರಿಂಗನ್ನು ತಿರುಗಿಸಿ ಅದನ್ನು ಸರಿಪಡಿಸಿದ. ಬಸವಣ್ಣ ಬಲಗಡೆಯಿಂದ ಮರೆಯಾಗಿ ಎಡಗಡೆಯ ಕನ್ನಡಿಯಲ್ಲಿ ಕಾಣಿಸಿಕೊಂಡ. ಅವನು ಮತ್ತೆ ಸರಿಪಡಿಸಿದ. ಬಸವಣ್ಣ ಮತ್ತೆ ಬಲಕ್ಕೆ ಬಂದ, ಈ ಸಲ ಮುಖದ ಜೊತೆ ಭುಜವೂ ಕಂಡಿತು. ಅವನು ಸರಿಪಡಿಸಿದಷ್ಟೂ ಅದು ದೊಡ್ಡದಾಗುತ್ತಿತ್ತು. ತೂಗಾಟಕ್ಕೆ ತಾನೇ ಕೈಯಾರೆ ಜೀಕು ಕೊಡುತ್ತಿದ್ದೇನೆ ಎಂದು ಅವನಿಗೆ ತಿಳಿಯಲಿಲ್ಲ. ಭಾರವನ್ನು ಯಾವ ತುದಿಯಲ್ಲಿ ಇಟ್ಟಿದ್ದನೋ ಆ ತುದಿ ಈಗ ಇಡೀ ಗಾಡಿಯನ್ನು ಆಡಿಸುತ್ತಿತ್ತು.

ಕೆಳಗಿನಿಂದ ಒಂದು ಬಸ್ಸು ಏರಿ ಬರುವುದು ಕಂಡಿತು.

ವ್ಯಾಪಾರಿ ಮೇಲಿನ ಕನ್ನಡಿಯಲ್ಲಿ ಮಗಳನ್ನು ನೋಡಿದ. ಅವಳು ಎರಡೂ ಕೈಗಳಿಂದ ಹೊಟ್ಟೆಯನ್ನು ಅಪ್ಪಿ ಹಿಡಿದಿದ್ದಳು. ಕೂಗಲಿಲ್ಲ. ಅವಳು ಕೂಗಿದ್ದರೆ ಅವನಿಗೆ ಅಷ್ಟು ಭಯವಾಗುತ್ತಿರಲಿಲ್ಲ. ದೇವರೇ ಕಾಪಾಡು ಎನ್ನಲು ಬಾಯಿ ತೆರೆದ. ಹಿಂದಿನಿಂದ ತಳ್ಳುತ್ತಿದ್ದವನೂ ದೇವರೇ ಎಂದು ನೆನಪಾಗಿ ಬಾಯಿ ಹಾಗೆಯೇ ಉಳಿಯಿತು. ಇದ್ದಬದ್ದ ಶಕ್ತಿಯೆಲ್ಲ ಹಾಕಿ ಬ್ರೇಕು ತುಳಿದ. ಮುಂದಿನ ಗಾಡಿ ಅರೆಬರೆ ತಡೆಯಿತು, ಹಿಂದಿನ ಕಲ್ಲು ತಡೆಯಲಿಲ್ಲ. ಅದು ಗಾಡಿಯ ಹಿಂಬದಿಯನ್ನು ಪಕ್ಕಕ್ಕೆ ನೂಕಿತು. ಗಾಡಿಯ ಮೂತಿ ಕಣಿವೆಯ ಕಡೆ ಹೊರಳಿತು.

"ಬ್ರೇಕ್ ಬಿಡ್ರಿ," ಎಂದ ಶಿಲ್ಪಿ. ಅವನ ದನಿ ಏರಲಿಲ್ಲ. "ಕೈ ನೆಟ್ಟಗ ಹಿಡೀರಿ. ಅದು ಆಡಲಿ, ನೀವು ಅದರ ಕೂಡ ಆಡಬ್ಯಾಡ್ರಿ."

ಆ ಹೊತ್ತಿನಲ್ಲಿ ಬ್ರೇಕಿನಿಂದ ಕಾಲು ತೆಗೆಯುವುದೆಂದರೆ ಕೈಯಲ್ಲಿದ್ದ ಕೊನೆಯ ಹಗ್ಗವನ್ನೂ ಬಿಟ್ಟಂತೆ. ವ್ಯಾಪಾರಿ ತೆಗೆದ. ಯಾವ ಪೆಡಲಿನ ಮೇಲೂ ಕಾಲಿಡಲಿಲ್ಲ. ಗೇರು ಇದ್ದಂತೆ ಇರಲು ಬಿಟ್ಟ. ಮೂತಿಯನ್ನು ರಸ್ತೆಯ ನೇರಕ್ಕೆ ತಂದು, ಸ್ಟೇರಿಂಗನ್ನು ಎರಡೂ ಕೈಗಳಿಂದ ಹಿಡಿದು ಹಾಗೆಯೇ ಕೂತ. ಬಸವಣ್ಣ ಬಲಗಡೆಯ ಕನ್ನಡಿಗೆ ಬಂದ. ವ್ಯಾಪಾರಿಯ ಕೈ ತಿರುಗಲು ಹವಣಿಸಿತು, ಅವನು ತಿರುಗಗೊಡಲಿಲ್ಲ. ಬಸವಣ್ಣ ಎಡಗಡೆಗೆ ಬಂದ. ಆಗಲೂ ತಿರುಗಗೊಡಲಿಲ್ಲ. ಏನೂ ಮಾಡದೆ ಕೂರುವಷ್ಟು ಕಷ್ಟದ ಕೆಲಸವನ್ನು ಅವನು ಹುಟ್ಟಿದಂದಿನಿಂದ ಮಾಡಿರಲಿಲ್ಲ.

ಅವರ ಪುಣ್ಯಕ್ಕೆ ಇಳಿಜಾರು ಅಲ್ಲಿಗೆ ಕಡಿಮೆಯಾಗಿತ್ತು. ಇಂಜಿನ್ನು ಗಾಡಿಯನ್ನು ಹಿಡಿದುಕೊಂಡಿತು. ಮೂರನೇ ಸಲ ಕನ್ನಡಿಯಲ್ಲಿ ಭುಜ ಕಾಣಲಿಲ್ಲ, ಮುಖ ಮಾತ್ರ ಕಂಡಿತು. ನಾಲ್ಕನೇ ಸಲ ಕೊಂಬು ಮಾತ್ರ. ಬಸ್ಸು ಒಂದು ಮೊಳ ಅಂತರದಲ್ಲಿ ಪಕ್ಕದಿಂದ ಹಾದುಹೋಯಿತು. ಮುಂದೆ ರಸ್ತೆ ತುಸು ಏರಿತು. ಆ ಏರಿನಲ್ಲಿ ಗಾಡಿ ತಾನಾಗಿ ನಿಧಾನವಾಯಿತು. ವ್ಯಾಪಾರಿ ಅದನ್ನು ಬದಿಗೆ ತಂದು ನಿಲ್ಲಿಸಿ ಕೈಬ್ರೇಕು ಎಳೆದ. ಶಿಲ್ಪಿ ಇಳಿದು ಚಕ್ರಗಳಿಗೆ ಕಲ್ಲು ಕೊಟ್ಟ.

ವ್ಯಾಪಾರಿ ಗಾಡಿಯನ್ನು ಹಿಡಿದುಕೊಂಡೇ ಹಿಂದಿನ ಬಾಗಿಲಿಗೆ ಬಂದು ತೆರೆದ. ಮಗಳು ಅವನ ಕೈಯನ್ನು ತೆಗೆದುಕೊಂಡು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಒಳಗಿನ ಕೂಸು ಒದೆಯುತ್ತಿತ್ತು. ವ್ಯಾಪಾರಿ ರಸ್ತೆಯ ಬದಿಯಲ್ಲಿ ಕೂತು, ಯಾರು ನೋಡುತ್ತಾರೆ ಎಂಬ ಲಜ್ಜೆಯಿಲ್ಲದೆ ಅತ್ತ.

ಅಳು ಮುಗಿದ ಮೇಲೆ ಅವನಿಗೆ ಹೊಳೆದದ್ದು ಒಂದೇ. ಕೊಂಡಿ ಕಳಚಿ ಬಸವಣ್ಣನನ್ನು ಅಲ್ಲಿಯೇ ಬಿಟ್ಟು ಮಗಳನ್ನು ಕರೆದುಕೊಂಡು ಹೋಗುವುದು. ಭಯಪಟ್ಟವನಿಗೆ ಮೊದಲು ಹೊಳೆಯುವ ಬುದ್ಧಿಯೇ ಅದು. ಶಿಲ್ಪಿ ಒಪ್ಪಲಿಲ್ಲ. ಘಾಟಿಯ ನಡುವೆ ಬಿಟ್ಟ ಕಲ್ಲು ಬರುವವರಿಗೆ ಹಾಯುತ್ತದೆ ಎಂದಷ್ಟೇ ಹೇಳಿ, ಹಗ್ಗ ಬಿಚ್ಚಿ ಹಾರೆ ಕೈಗೆ ತೆಗೆದುಕೊಂಡ. ಉರುಳುಗಟ್ಟಿಗೆಗಳನ್ನು ಕಲ್ಲಿನಡಿ ತುರುಕಿದ. ಆಗಲೂ ವ್ಯಾಪಾರಿ ಅನುಮಾನಿಸುತ್ತ ನಿಂತ. ಹೊಗೆಯ ಮಾತು ಅವನ ಮನಸ್ಸಿನಿಂದ ಇನ್ನೂ ಹೋಗಿರಲಿಲ್ಲ.

"ಸಾವ್ಕಾರ್ರ, ಅಂವ ಬಸವಣ್ಣ," ಎಂದ ಶಿಲ್ಪಿ. "ನೊಗದ ಹತ್ರ ಇರೂದು ಅಂವಗೇನು ಹೊಸಾದಲ್ಲ."

ವ್ಯಾಪಾರಿ ಹಾರೆಗೆ ಕೈ ಹಾಕಿದ. ಹಾಕಿದ ಮೇಲೆ ಅವನಿಗೆ ತಡೆಯೇ ಇಲ್ಲ. ತಪ್ಪು ತಿಳಿದವನ ಹುರುಪು ಅದು. ಬಸವಣ್ಣನನ್ನು ನೂಕುತ್ತ ನೂಕುತ್ತ ಟ್ರೇಲರಿನ ಮೂತಿಗೇ ತಂದುಬಿಟ್ಟ. ಗಾಡಿಯ ಹಿಂಬದಿ ಕುಸಿಯಿತು, ಮುಂದಿನ ಚಕ್ರಗಳು ನೆಲವನ್ನು ಬಿಡುವಷ್ಟು ಹಗುರಾದವು. ಹಾಗೆ ಹೊರಟರೆ ಸ್ಟೇರಿಂಗು ತಿರುಗಿದರೂ ಗಾಡಿ ತಿರುಗದು. ಶಿಲ್ಪಿ ನಗಲಿಲ್ಲ, ಬೈಯಲೂ ಇಲ್ಲ. ಕಲ್ಲನ್ನು ಮತ್ತೆ ಹಿಂದಕ್ಕೆ ಸರಿಸಿ, ಅದರ ನಡು ಟ್ರೇಲರಿನ ಚಕ್ರದಿಂದ ಒಂದು ಗೇಣು ಮುಂದೆ ಬರುವಂತೆ ಕೈಯಿಂದ ಅಳೆದು ನಿಲ್ಲಿಸಿದ. ಕೊಂಡಿಯ ಹತ್ತಿರ ಹೋಗಿ ನೋಡಿದ. ಗಾಡಿಯ ಹಿಂಬದಿ ಎರಡು ಬೆರಳು ತಗ್ಗಿತ್ತು. ಅಷ್ಟು ಸಾಕು ಎಂದ. ನಾಲ್ಕೂ ಕಡೆಯಿಂದ ಹಗ್ಗ ಬಿಗಿದ.

ಬ್ರೇಕು ಆರುವ ತನಕ ಮೂವರೂ ಕಾದರು. ಮಗಳ ಉಡಿಯಲ್ಲಿ ಕೊಬ್ಬರಿ, ಬೆಲ್ಲ ಇತ್ತು. ಅದನ್ನೇ ತಿಂದರು. ಉಪವಾಸ ಹಿಡಿದಿದ್ದ ವ್ಯಾಪಾರಿಯೂ ತಿಂದ. ಎದ್ದು ಹೋಗಿ ಪೆಡಲನ್ನು ತುಳಿದು ನೋಡಿದ. ಅದು ಮೊದಲಿನಂತೆ ಗಟ್ಟಿಯಾಗಿತ್ತು. ನಂತರ ಎರಡನೇ ಗೇರಿನಲ್ಲಿ ಉಳಿದ ಘಾಟಿಯನ್ನು ಇಳಿದ. ಹಿಂದೆ ಬಂದ ಗಾಡಿಗಳು ಹಾರ್ನ್ ಹೊಡೆದವು, ಬೈದವು, ದಾಟಿಕೊಂಡು ಹೋದವು. ಅವನು ಬೇಸರಪಟ್ಟುಕೊಳ್ಳಲಿಲ್ಲ.

ಇಷ್ಟು ಹೊತ್ತು ಅವನಿಗೆ ಅಲುಗಾಟ ತಿಳಿದಿತ್ತು, ಭಾರ ತಿಳಿದಿರಲಿಲ್ಲ. ಈಗ ಭಾರ ತಿಳಿಯಿತು. ಪ್ರತಿ ಗುಂಡಿಯಲ್ಲೂ ನಾಲ್ಕು ಕ್ವಿಂಟಲ್ ಕಲ್ಲು ಕೊಂಡಿಯ ಮೂಲಕ, ಸೀಟಿನ ಮೂಲಕ ಅವನ ಸೊಂಟಕ್ಕೆ ಬಂದು ತಾಗುತ್ತಿತ್ತು. ಸುಖವಾಗಿತ್ತು ಎಂದಲ್ಲ. ನೋಯುತ್ತಿತ್ತು. ಆದರೆ ಬಲಗಡೆಯ ಕನ್ನಡಿಯಲ್ಲೂ ಎಡಗಡೆಯ ಕನ್ನಡಿಯಲ್ಲೂ ಬಸವಣ್ಣ ಮತ್ತೆ ಕಾಣಲಿಲ್ಲ. ಅವನು ನೇರ ಬೆನ್ನ ಹಿಂದೆ ಬರುತ್ತಿದ್ದ. ಮಗಳು ತಲೆ ವಾಲಿಸಿ ನಿದ್ದೆ ಹೋಗಿದ್ದಳು.

ಊರ ಸೀಮೆ ದಾಟುವಾಗ ಹಿರಿಯರು ಇಟ್ಟ ಹೊತ್ತು ಮೀರಿತ್ತು. ಕಾದು ನಿಂತವರಲ್ಲಿ ಒಬ್ಬರು ಬಸವಣ್ಣನ ಮೂಗಿಗೆ ಮಸಿ ಹತ್ತಿದ್ದನ್ನು ನೋಡಿ ಗೊಣಗಿದರು. ವ್ಯಾಪಾರಿ ತನ್ನ ಹೆಗಲ ಮೇಲಿನ ವಸ್ತ್ರದಿಂದ ಒರೆಸಿದ. ಮಸಿ ಹೋಯಿತು.

ಅಜ್ಜಾರು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಕತೆಯಲ್ಲಿ ಎಲ್ಲಿಯಾದರೂ ಭಾರ ಕಡಿಮೆಯಾದೀತು ಎಂದು ಚರಂತಯ್ಯ ಕಾದಿದ್ದ.

"ಕಲ್ಲು ಮೊದಲಿನಷ್ಟ ಭಾರ ಇತ್ತಲ್ರಿ, ಅಜ್ಜಾರ," ಎಂದ.

"ಅಷ್ಟ ಇತ್ತು," ಎಂದರು ಅಜ್ಜಾರು. ನಂತರ ಅವನ ಕಡೆಗೆ ತಿರುಗಿ ಕೂತರು. "ಮೂರು ವರ್ಷಾತು, ನಿನ್ನ ಬಾಯಾಗ ಒಮ್ಮೆನೂ ಕೇಳಿಲ್ಲ, ನಿಮ್ಮಣ್ಣನ ಹೆಸರೇನಪಾ?"

ಚರಂತಯ್ಯ ಬಾಯಿ ತೆರೆದ. ಮೂರು ವರ್ಷ ದೂರ ಇಟ್ಟಿದ್ದ ಹೆಸರನ್ನು ನಾಲಗೆಗೆ ತಂದುಕೊಂಡ.